ಹೆಂಪ್ ಕೊಯ್ಲಿಗೆ ಹದ ನೋಡುವ ದಿನ

ಹೆಂಪ್ (ಗಾಂಜಾ ಜಾತಿಯದೇ ಆದ, ಅಮಲು ತೀರಾ ಕಡಿಮೆಯಿರುವ ಗಿಡ) ಬೆಳೆದದ್ದು ನಾರಿಗೋ ಬೀಜಕ್ಕೋ ಎಂಬುದರ ಮೇಲೆ ಕೊಯ್ಲಿನ ದಿನ ನಿಲ್ಲುತ್ತದೆ. ನಾರಿಗೆ ಹದ ಬಂದಾಗ ಬೀಜ ಇನ್ನೂ ಕಟ್ಟಿರುವುದಿಲ್ಲ. ಬೀಜ ಬಲಿಯುವಷ್ಟರಲ್ಲಿ ಕಾಂಡ ಕಟ್ಟಿಗೆಯಾಗಿರುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯದು. ಅಂಚಿನ ಗಿಡಗಳಿಗೆ ಬಿಸಿಲು, ಜಾಗ ಎರಡೂ ಹೆಚ್ಚು, ಅವು ಕವಲೊಡೆದು ದಪ್ಪಗಾಗಿರುತ್ತವೆ. ಹೊಲದ ಒಳಗೇ ಹೋಗಬೇಕು.

ನಾರಿನ ಬೆಳೆಯಲ್ಲಿ ಕಣ್ಣಿಡಬೇಕಾದದ್ದು ಗಂಡು ಗಿಡದ ಮೇಲೆ. ತುದಿಯನ್ನು ಬೆರಳಿನಿಂದ ತಟ್ಟಿದಾಗ ಹಳದಿ ಪರಾಗ ಉದುರತೊಡಗಿದರೆ ಕತ್ತರಿಸಲು ಶುರು ಮಾಡಬಹುದು. ತಳಿ, ಹವೆ ನೋಡಿಕೊಂಡು ಇದು ಸಾಮಾನ್ಯವಾಗಿ ಬಿತ್ತಿದ 70ರಿಂದ 90 ದಿನಕ್ಕೆ ಬರುತ್ತದೆ. ಇನ್ನೆರಡು ವಾರ ಸುಮ್ಮನಿದ್ದರೆ ಗಂಡು ಗಿಡ ಹಳದಿಯಾಗಿ ಒಣಗುತ್ತದೆ, ಕಾಂಡವನ್ನು ಕಟ್ಟಿಗೆಯಂತೆ ಗಟ್ಟಿ ಮಾಡುವ ಲಿಗ್ನಿನ್ ಸೇರಿ ನಾರು ಒರಟಾಗುತ್ತದೆ. ಕೊಯ್ದ ಕಾಂಡವನ್ನು ಹೊಲದಲ್ಲೇ ಹರಡಿ ಇಬ್ಬನಿಗೆ ಬಿಟ್ಟರೆ ಶಿಲೀಂಧ್ರಗಳು ನಾರನ್ನು ಅಂಟಿಸಿ ಹಿಡಿದಿರುವ ತೊಗಟೆಯ ಪೆಕ್ಟಿನ್ ಕರಗಿಸುತ್ತವೆ. ಎರಡರಿಂದ ಐದು ವಾರ ಹಿಡಿಯುವ ಕೆಲಸ, ನಡುವೆ ಮಗುಚಿ ಹಾಕಬೇಕು. ನಾರು ಕೈಯಲ್ಲಿ ಸಲೀಸಾಗಿ ಬಿಟ್ಟುಕೊಂಡ ಕೂಡಲೇ ಎತ್ತಿಬಿಡಬೇಕು. ಅತಿಯಾದರೆ ನಾರೇ ಕೊಳೆಯುತ್ತದೆ.

ಬೀಜದ ಹದ ಇನ್ನೂ ತಂಟೆಯದು. ತೆನೆ ಬುಡದಿಂದ ತುದಿಗೆ ಬಲಿಯುತ್ತಾ ಹೋಗುತ್ತದೆ. ತುದಿಯದೂ ಬಲಿಯಲಿ ಎಂದು ಕಾದರೆ ಬುಡದ್ದು ಮಣ್ಣುಪಾಲು, ಉಳಿದದ್ದು ಹಕ್ಕಿಪಾಲು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿ: ಸುತ್ತಲಿನ ಹಸಿರು ಹೊದಿಕೆ ಒಣಗಿ ಬಾಯಿಬಿಟ್ಟಿರಬೇಕು, ಕಾಳು ಬೂದುಗಂದಾಗಿ ಗೆರೆಗೆರೆಯಾಗಿರಬೇಕು. ಉಗುರಿನಿಂದ ಒತ್ತಿದಾಗ ಹಾಲು ಬಂದರೆ ಎಳಸು, ಹಿಟ್ಟಿನಂತೆ ಮೆತ್ತಗಿದ್ದರೆ ಇನ್ನೂ ಕಾಯಬೇಕು. ನೂರರಲ್ಲಿ ಎಪ್ಪತ್ತು ಕಾಳು ಗಟ್ಟಿಯಾಗಿದ್ದರೆ ಸಾಕು, ಕೊಯ್ಯುವುದೇ ಸರಿ.

ತಡಮಾಡಿದರೆ ಯಂತ್ರಕ್ಕೂ ಕೇಡು. ಒಣಗಿದ ಕಾಂಡದ ನಾರು ಕಂಬೈನ್ ಹಾರ್ವೆಸ್ಟರಿನ ತಿರುಗುವ ಭಾಗಗಳಿಗೆಲ್ಲ ಸುತ್ತಿಕೊಂಡು, ಉಜ್ಜಿ ಉಜ್ಜಿ ಬಿಸಿಯಾಗಿ, ಬೆಂಕಿ ಹತ್ತಿದರೂ ಹತ್ತೀತು. ಅದಕ್ಕೇ ಬ್ಲೇಡನ್ನು ಎತ್ತರಿಸಿ ತೆನೆಯಷ್ಟನ್ನೇ ಕತ್ತರಿಸುವುದು. ಇನ್ನೊಂದು ಲೆಕ್ಕವೂ ಇದೆ: ಅಮೆರಿಕದಲ್ಲಿ ಹೆಂಪ್ ಎನಿಸಿಕೊಳ್ಳಲು ಅಮಲೇರಿಸುವ ಟಿಎಚ್‌ಸಿ ಅಂಶ ಶೇ. 0.3 ಮೀರುವಂತಿಲ್ಲ. ಹೂವು ಬಲಿತಷ್ಟೂ ಅದು ಏರುವ ಕಾರಣ, ಕೊಯ್ಲಿಗೆ ಮುಂಚಿನ ಪರೀಕ್ಷೆಯ ದಿನವನ್ನೂ ಹದದ ಜೊತೆಗೇ ಹೊಂದಿಸಿಕೊಳ್ಳಬೇಕು.

ಹಸಿಯಾಗಿ ಕೊಯ್ದ ಕಾಳನ್ನು ರಾಶಿ ಹಾಕಿಡಬಾರದು. ಕೆಲವೇ ಗಂಟೆಗಳಲ್ಲಿ ಒಳಗೆ ಕಾವು ಏರಿ, ಕಾಳಿನ ಎಣ್ಣೆ ಕೆಡುತ್ತದೆ. ಅಂದೇ ಗಾಳಿಗೆ ಹಾಕಿ, ತೇವಾಂಶ ಶೇ. 8–9ಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಬೇಕು.