ಥರ್ಮೋಸ್ಟಾಟ್ ಏರಿಸುವ ಮೊದಲು ತೇವ ನೋಡಿ

ಗಾಳಿಯ ತೇವ ಅಳೆಯುವ, ಗಾಜಿಗೆ ಅಂಟಿಸುವ ಮುಳ್ಳಿನ ಹೈಗ್ರೋಮೀಟರ್ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಅಂಗಡಿಯಲ್ಲಿ ಅದನ್ನು ಇನ್ನೂ ಮಾರುತ್ತೇವೆ. ಕೌಂಟರ್ ಪಕ್ಕದಲ್ಲೇ ಸಾಲಾಗಿ ನೇತುಹಾಕಿದ್ದಾರೆ. ಅಗ್ಗ, ನೋಡಲು ಚೆಂದ, ಬ್ಯಾಟರಿ ಬೇಡ. ಅದು ತೋರಿಸಿದ ಸಂಖ್ಯೆಯನ್ನು ನಂಬಿ ಒಂದು ರೇನ್‌ಬೋ ಬೋವಾ ಹಾವಿನ ಮರಿಯನ್ನು ಕಳೆದುಕೊಂಡೆವು. ಉಳಿದ ಮರಿಗಳು ಬದುಕಿದ್ದು ಸ್ವಲ್ಪದರಲ್ಲಿ.

ನಾನು ಕೆಲಸ ಮಾಡುವುದು ಅಮೆರಿಕದ ಮಿನೆಸೋಟಾದಲ್ಲಿ, ಹಾವು, ಹಲ್ಲಿ, ಆಮೆ ಮಾರುವ ಅಂಗಡಿಯಲ್ಲಿ. ಇಲ್ಲಿನ ಜನವರಿ ಎಂದರೆ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದು ಮಾಮೂಲು. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಿನ ಪಸೆ ಇರುವುದೇ ಕಡಿಮೆ. ಅದೇ ಗಾಳಿಯನ್ನು ಫರ್ನೇಸ್ ಬಿಸಿ ಮಾಡಿ ಒಳಗೆ ಬಿಟ್ಟರೆ ಕಟ್ಟಡವಿಡೀ ಒಣಗುತ್ತದೆ. ನಮ್ಮ ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಬಾಲ್ ಪೈಥಾನ್ ಹಾವುಗಳು ಹೇಗೋ ತಡೆದುಕೊಳ್ಳುತ್ತವೆ. ಬಿಆರ್‌ಬಿ, ಅಂದರೆ ಬ್ರೆಜಿಲಿಯನ್ ರೇನ್‌ಬೋ ಬೋವಾ ಮರಿಗಳು ತಡೆಯುವುದಿಲ್ಲ.

ಬ್ರೆಜಿಲಿಯನ್ ರೇನ್‌ಬೋ ಬೋವಾ ಅಮೆಜಾನ್ ಕಣಿವೆಯ ಹಾವು. 1758ರಲ್ಲೇ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದರು. ಈಗ ಎಪಿಕ್ರೇಟ್ಸ್ ಸೆಂಕ್ರಿಯಾ ಅನ್ನುತ್ತಾರೆ. ಕಿತ್ತಳೆ-ಕಂದು ಮೈ, ಬೆನ್ನುದ್ದಕ್ಕೂ ಕಪ್ಪು ಉಂಗುರಗಳು. ಬೆಳೆದರೆ ಐದಾರು ಅಡಿ. ಬೆಳಕು ಬಿದ್ದಾಗ ಆ ಕಿತ್ತಳೆಯ ಮೇಲೆ ನೀಲಿ, ಹಸಿರು, ನೇರಳೆ ಹರಿದಾಡುತ್ತದೆ. ಅದು ಚರ್ಮದಲ್ಲಿರುವ ಬಣ್ಣ ಅಲ್ಲ. ಹುರುಪೆಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ. ಅವು ಬೆಳಕನ್ನು ಒಡೆದು ಹರಡುತ್ತವೆ. ಪೊರೆ ಬಿಟ್ಟ ಮೊದಲ ದಿನಗಳಲ್ಲಿ ನೋಡಿದರೆ ಎಂಥವರಿಗೂ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ಬರುವ ಗಿರಾಕಿಗಳಿಗೆ ಇಷ್ಟು ಗೊತ್ತಿರುತ್ತದೆ. ಮಳೆಕಾಡಿನ ನೆಲದಲ್ಲಿ, ಕೊಳೆತ ಎಲೆಯ ನಡುವೆ, ಸದಾ ಪಸೆ ಇರುವ ಕಡೆ ಬದುಕುವ ಜೀವ ಇದು ಅನ್ನುವುದು ಗೊತ್ತಿರುವುದಿಲ್ಲ. ಎಳೆ ಮರಿಗಳಿಗೆ ತೇವಾಂಶ ಶೇಕಡಾ 90ರ ಹತ್ತಿರ ಇರಬೇಕು. ದೊಡ್ಡವಕ್ಕೂ 75ರಿಂದ ಕೆಳಗೆ ಇಳಿಯಬಾರದು.

ಆ ಮರಿಗಳು ಬಂದಾಗ ಹಿಂದಿನ ಕೋಣೆಯ ರ್‍ಯಾಕಿನಲ್ಲಿ, ಒದ್ದೆ ಮಾಸ್ (ಪಾಚಿ) ಹಾಕಿದ ಟಬ್‌ಗಳಲ್ಲಿ ಚೆನ್ನಾಗಿದ್ದವು. ಎಲ್ಲವೂ ಸಿಬಿಬಿ, ಅಂದರೆ ಸಾಕಿದ ಹಾವುಗಳಿಗೇ ಹುಟ್ಟಿದವು; ಹಾಪರ್ ಎನ್ನುವ ಎಳೆ ಇಲಿ ತಿನ್ನುತ್ತಿದ್ದವು, ಕೈ ಹಾಕಿದರೆ ಕಚ್ಚಲು ಬರುತ್ತಿದ್ದವು. ಮರಿ ಕಚ್ಚಲು ಬಂದರೆ ನಮಗೆ ಖುಷಿ. ಶುಕ್ರವಾರ ಮ್ಯಾನೇಜರ್ ಬಂದು, ವಾರಾಂತ್ಯದ ಸೇಲ್ ಇದೆ, ಡಿಸ್‌ಪ್ಲೇ ಟ್ಯಾಂಕ್ ಖಾಲಿ ಇರಬಾರದು, ಇವನ್ನು ಮುಂದೆ ತನ್ನಿ ಎಂದರು. ಮುಂದಿನ ಟ್ಯಾಂಕ್‌ಗಳಿಗೆಲ್ಲ ಜಾಲರಿ ಮುಚ್ಚಳ. ಮೇಲೆ ದೀಪ. ದೀಪದ ಬಿಸಿಗೆ ಒಳಗಿನ ಪಸೆಯೆಲ್ಲ ಜಾಲರಿಯಿಂದ ಮೇಲಕ್ಕೆ ಹೋಗಿಬಿಡುತ್ತದೆ. ನಾನು ಬೇಡ ಎಂದೆ. ಮೂರು ದಿನ ತಾನೇ, ಜಾಸ್ತಿ ಸಲ ಸ್ಪ್ರೇ ಮಾಡಿ ಎಂಬ ಉತ್ತರ ಬಂತು. ಮಾಡಿದೆವು. ಗಾಜಿನ ಮೇಲಿನ ಮುಳ್ಳು 80ಕ್ಕೆ ಏರಿತು. ಏರಿದ್ದು ಮತ್ತೆ ಇಳಿಯಲೇ ಇಲ್ಲ.

ಆ ಮೀಟರಿನೊಳಗೆ ಒಂದು ಸಣ್ಣ ಸುರುಳಿ ಇರುತ್ತದೆ. ಅದರ ಮೇಲೆ ನೇರವಾಗಿ ನೀರು ಬಿದ್ದರೆ ಮುಳ್ಳು ಹೋದಲ್ಲೇ ನಿಂತುಬಿಡಬಹುದು. ಇದು ನಮ್ಮ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಲಾಗ್ ತುಂಬುವ ಆ್ಯಪ್ ಇದೆಯಲ್ಲ, ಅದು ಹಿಂದಿನ ಸಲದ ಸಂಖ್ಯೆಯನ್ನು ತಾನೇ ತುಂಬಿಕೊಂಡು ಕೂತಿರುತ್ತದೆ. ನೋಡಿ 'ಸರಿ' ಒತ್ತಿದರೆ ಮುಗಿಯಿತು. ಹಾಗಾಗಿ ಶನಿವಾರ ಬೆಳಿಗ್ಗೆ 80, ಸಂಜೆ 80, ಭಾನುವಾರ 80. ಮಳೆಕಾಡಿನಲ್ಲೂ ಗಾಳಿ ಅಷ್ಟು ಒಂದೇ ಸಮನೆ ಇರುವುದಿಲ್ಲ. ಏರುಪೇರಿಲ್ಲದ ಆ ಸಾಲನ್ನು ನೋಡಿ ಒಬ್ಬರಿಗಾದರೂ ಅನುಮಾನ ಬರಬೇಕಿತ್ತು.

ಸೋಮವಾರ ಓಪನಿಂಗ್ ನನ್ನದು. ನೀರು ಬದಲಿಸುತ್ತಾ ಬಂದೆ. ಮೊದಲ ಟ್ಯಾಂಕಿನ ಮರಿ ತಲೆ ಮೇಲೆತ್ತಿ ಬಾಯಿ ಅರ್ಧ ತೆರೆದಿತ್ತು. ಬಾಯೊಳಗೆ ದಪ್ಪ ಲೋಳೆ, ಎಳೆ ಎಳೆಯಾಗಿ ಮೇಲಿನಿಂದ ಕೆಳಗೆ ಅಂಟಿಕೊಂಡಿತ್ತು. ನನ್ನ ತಲೆಗೆ ಮೊದಲು ಬಂದದ್ದು ಆರ್‌ಐ, ಉಸಿರಾಟದ ಸೋಂಕು. ಹಾವು ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲಾರದು, ಅದಕ್ಕೆ ವಪೆಯೇ ಇಲ್ಲ. ಆದ್ದರಿಂದ ಆರ್‌ಐ ಅಂದ ಕೂಡಲೇ ನಾವು ಗಾಬರಿ ಬೀಳುತ್ತೇವೆ. ಗೋಡೆಗೆ ಅಂಟಿಸಿದ ಲ್ಯಾಮಿನೇಟ್ ಹಾಳೆಯಲ್ಲೂ ಅದೇ ಇದೆ: ಬೇರೆ ಇಡಿ, ಬಿಸಿ ಬದಿಯ ಶಾಖ ಏರಿಸಿ, ಡಾಕ್ಟರಿಗೆ ಫೋನ್ ಮಾಡಿ. ಸೋಂಕು ತಗುಲಿದ ಹಾವಿಗೆ ಶಾಖ ಬೇಕು ನಿಜ. ಮೈ ಬೆಚ್ಚಗಿದ್ದರೇ ಅದರ ರೋಗ ತಡೆಯುವ ಶಕ್ತಿ ಕೆಲಸ ಮಾಡುವುದು. ನಾನು ಥರ್ಮೋಸ್ಟಾಟನ್ನು 29ರಿಂದ 32 ಸೆಲ್ಸಿಯಸ್ಸಿಗೆ ತಿರುಗಿಸಿದೆ. ಮೀಟರ್ ನೋಡಿದೆ, 80. ತೇವ ಸರಿಯಿದೆ ಅಂದುಕೊಂಡು ಪಕ್ಕದ ಟ್ಯಾಂಕಿಗೆ ಹೋದೆ.

ಪಕ್ಕದ್ದು ನೀರಿನ ಬಟ್ಟಲಲ್ಲಿ ಪೂರ್ತಿ ಸುತ್ತಿಕೊಂಡು ಕೂತಿತ್ತು. ಮೈಮೇಲೆ ಹುಳ ಬಿದ್ದಾಗಲೂ ಹೀಗೆ ನೀರಿಗಿಳಿಯುತ್ತವೆ, ಮೈಟ್ ಎನ್ನುವ ಆ ಸಣ್ಣ ಹುಳ ಇರಬಹುದು ಎಂದು ಗಲ್ಲದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದೆ. ಒಂದೂ ಇಲ್ಲ. ಅಲ್ಲೇ ಹತ್ತು ನಿಮಿಷ ಹೋಯಿತು. ಮೂರನೆಯ ಟ್ಯಾಂಕ್ ತೆಗೆದು ಮರಿಯನ್ನು ಕೈಗೆ ತೆಗೆದುಕೊಂಡೆ. ಹಗುರ. ಕಚ್ಚಲು ಬರಲಿಲ್ಲ. ಪಕ್ಕೆಯುದ್ದಕ್ಕೂ ಚರ್ಮ ಬಾಡಿದ ಹೀರೇಕಾಯಿಯ ಹಾಗೆ ಉದ್ದುದ್ದ ಮಡಿಕೆ ಬಿದ್ದಿತ್ತು. ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು, ಮೈಯಲ್ಲಿ ನೀರಿಲ್ಲದ ಗುರುತು. ಕಣ್ಣು ಒಳಗೆ ಕುಸಿದಿತ್ತು. ಟ್ಯಾಂಕಿನ ಮೂಲೆಯಲ್ಲಿದ್ದ ಬಿಳಿ ಯೂರೇಟ್ (ಹಾವಿನ ಗಟ್ಟಿ ಮೂತ್ರ) ಮುಟ್ಟಿದರೆ ಪುಡಿಯಾಯಿತು.

ಆಗ ಹಿಂದಿನ ಕೋಣೆಗೆ ಓಡಿ ನನ್ನ ಸ್ವಂತ ಡಿಜಿಟಲ್ ಪ್ರೋಬ್ ತಂದು ಮೊದಲ ಟ್ಯಾಂಕಿನ ನೆಲಮಟ್ಟದಲ್ಲಿ ಇಟ್ಟೆ. ಸಂಖ್ಯೆ ಇಳಿಯುತ್ತಾ ಹೋಯಿತು. 50, 41, 33. 28ಕ್ಕೆ ನಿಂತಿತು. ಪಕ್ಕದಲ್ಲೇ ಮುಳ್ಳು 80 ತೋರಿಸುತ್ತಿತ್ತು. ನಾನು ಶಾಖ ಬೇರೆ ಏರಿಸಿದ್ದೆ. ಗಾಳಿಗೆ ನೀರು ಸೇರಿಸದೆ ಬರೀ ಬಿಸಿ ಮಾಡಿದರೆ ತೇವಾಂಶ ಇನ್ನೂ ಇಳಿಯುತ್ತದೆ. ಅಷ್ಟೇ ಅಲ್ಲ, ರೇನ್‌ಬೋ ಬೋವಾಗೆ ಆ ಮಟ್ಟದ ಶಾಖ ಮೊದಲೇ ಆಗಿಬರುವುದಿಲ್ಲ. ಬೇರೆ ಹಾವಿಗೆ ಮದ್ದಾಗುವ ಮೂರು ಡಿಗ್ರಿ ಒಣಗಿದ ಈ ಮರಿಗೆ ವಿಷ. ಬಾಯಲ್ಲಿದ್ದದ್ದು ಕಫ ಅಲ್ಲ. ಮೈಯಲ್ಲಿ ನೀರಿಲ್ಲದೆ ಗಟ್ಟಿಯಾದ ಎಂಜಲು.

ದೀಪಗಳ ಸ್ವಿಚ್ ಆರಿಸಿದೆ. ಫೋನ್ ಸ್ಪೀಕರಿಗೆ ಹಾಕಿ ಡಾಕ್ಟರಿಗೆ ಹೇಳುತ್ತಲೇ ಟಬ್ ತುಂಬಿಸಿದೆ. ನೀರು ಉಗುರುಬೆಚ್ಚಗೂ ಕಡಿಮೆ, 27-28 ಡಿಗ್ರಿ. ಆಳ ಹಾವಿನ ಮೈಯ ಅರ್ಧದಷ್ಟು ಮಾತ್ರ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ ಎಂದರು ಡಾಕ್ಟರ್. ಸೋತ ಮರಿ ಅಷ್ಟೇ ನೀರಲ್ಲೂ ಮುಳುಗಬಹುದು. ಅದಕ್ಕೆ ಮಡಚಿದ ಒದ್ದೆ ಬಟ್ಟೆಯ ಮೇಲೆ ಒಂದೊಂದರ ಗಲ್ಲ ಇಟ್ಟು ಪಕ್ಕದಲ್ಲೇ ಕೂತೆ. ಅಂಗಡಿ ತೆರೆಯುವ ಹೊತ್ತಾಯಿತು. ಹೊರಗೆ ಇಬ್ಬರು ನಿಂತಿದ್ದರು. ಬಾಗಿಲು ತೆಗೆಯಲಿಲ್ಲ. ಬಟ್ಟಲಲ್ಲಿದ್ದ ಮರಿ ಮೊದಲು ಕುಡಿಯಿತು. ಗಂಟಲು ಮೆಲ್ಲಗೆ ಏರಿಳಿಯುವುದು ಕಂಡಿತು, ನಿಂತಿತು, ಮತ್ತೆ ಏರಿಳಿಯಿತು. ಬಾಯಿ ತೆರೆದಿದ್ದ ಮರಿಯ ಗಂಟಲಿನ ಮೇಲೇ ಕಣ್ಣಿಟ್ಟಿದ್ದೆ. ಅದು ಅಲ್ಲಾಡಲೇ ಇಲ್ಲ. ಡಾಕ್ಟರ ಹತ್ತಿರ ಒಯ್ದಾಗ ಉಸಿರಿತ್ತು. ಚರ್ಮದ ಕೆಳಗೆ ದ್ರವ ಕೊಟ್ಟರು. ಸಂಜೆಗೆ ಹೋಯಿತು. ಶ್ವಾಸಕೋಶದಲ್ಲಿ ಸೋಂಕೇನೂ ಇರಲಿಲ್ಲ.

ನಾನು ಥರ್ಮೋಸ್ಟಾಟ್ ಮುಟ್ಟದಿದ್ದರೆ ಅದು ಬದುಕುತ್ತಿತ್ತಾ ಎಂದು ಡಾಕ್ಟರನ್ನು ಕೇಳಿದೆ. ಒಣಗಿದ್ದು ಮೂರು ದಿನ, ನೀವು ಏರಿಸಿದ್ದು ಅರ್ಧ ಗಂಟೆ ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ, ಆ ಅರ್ಧ ಗಂಟೆ ನನಗೆ ಮರೆಯುವುದಿಲ್ಲ.

ಉಳಿದವನ್ನು ಟಬ್‌ಗಳಿಗೆ ವಾಪಸ್ ಹಾಕಿದೆವು. ಇಲ್ಲೂ ಒಂದು ಮಾತು ಹೇಳಬೇಕು. ತೇವ ಅಂದರೆ ಕೆಸರು ಅಲ್ಲ. ಗಾಳಿಯೇ ಆಡದಂತೆ ಮುಚ್ಚಿ, ತಳ ಸದಾ ನೀರು ಕುಡಿದು ಕೂತರೆ ಹೊಟ್ಟೆಯ ಹುರುಪೆಯಲ್ಲಿ ಗುಳ್ಳೆ ಬರುತ್ತದೆ, ಕೊಳೆಯುತ್ತದೆ. ನಾವು ಕೆಳಗೆ ಹಾಸುವ ಕೋಕೋ ಹಸ್ಕ್‌ನ (ತೆಂಗಿನ ಸಿಪ್ಪೆಯ ಚೂರು) ತಳಭಾಗ ಮಾತ್ರ ಒದ್ದೆ ಮಾಡುತ್ತೇವೆ, ಮೇಲ್ಪದರ ಕೈಗೆ ಅಂಟಬಾರದು. ಹೈಡ್, ಅಂದರೆ ಹಾವು ಅಡಗುವ ಗೂಡಿನ ಒಳಗೆ ಹಿಂಡಿದ ಮಾಸ್. ಟಬ್‌ನ ಪಕ್ಕದಲ್ಲಿ ಕೆಲವೇ ತೂತು. ಯೂರೇಟ್ ಮೆತ್ತಗೆ ಬರುವವರೆಗೆ ಊಟ ಇಲ್ಲ, ಒಣಗಿದ ಹೊಟ್ಟೆಗೆ ಇಲಿ ಕೊಟ್ಟರೆ ಜೀರ್ಣವಾಗುವುದಿಲ್ಲ. ಮೊದಲ ಪೊರೆ ತುಂಡು ತುಂಡಾಗಿ ಬಂತು. ಒಂದಕ್ಕೆ ಕಣ್ಣಿನ ಮೇಲಿನ ಪೊರೆ ಉಳಿದುಬಿಟ್ಟಿತ್ತು. ಕೀಳಲು ಹೋಗದೆ ಮುಂದಿನ ಪೊರೆ ಬಿಡುವ ತನಕ ಕಾದೆವು. ಮುಂದಿನದು ಮೂಗಿನಿಂದ ಬಾಲದವರೆಗೆ ಒಂದೇ ತುಂಡು. ಆ ಮರಿಯನ್ನು ಕಿಟಕಿಯ ಹತ್ತಿರ ಹಿಡಿದರೆ ಪಕ್ಕೆಯ ಮೇಲೆ ಹಸಿರು ಬೆಳಕು ಓಡುತ್ತಿತ್ತು. ನನ್ನ ಹೆಬ್ಬೆರಳಿಗೆ ಕಚ್ಚಿತು ಕೂಡ.

ಈ ಹಾವಿನ ಫೋಟೋ ಹಾಕಿದಾಗಲೆಲ್ಲ ಊರಿನಿಂದ ಮೆಸೇಜ್ ಬರುತ್ತದೆ. ಅಕ್ಕನ ಮಗ ಶಿವಮೊಗ್ಗದಿಂದ, 'ಚಿಕ್ಕಮ್ಮ, ಒಂದು ತಂದುಕೊಡಿ' ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬೋವಾಗಳೆಲ್ಲ ಸೈಟಿಸ್ ಪಟ್ಟಿಯಲ್ಲಿವೆ; ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಜಾರಿಯಾದ ಮೇಲೆ ಭಾರತದಲ್ಲಿ ಇಂಥ ಪ್ರಾಣಿ ಇಟ್ಟುಕೊಳ್ಳಲು ನೋಂದಣಿ ಬೇಕೇ ಬೇಕು. ಬ್ಯಾಗಿನಲ್ಲಿ ತರುವುದು ಕಳ್ಳಸಾಗಣೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನೊಳಗೆ 10 ಹಳದಿ ಅನಕೊಂಡಾ ಸಿಕ್ಕಿದ್ದವು. ಸೂಟ್‌ಕೇಸಿನ ಒಣ ಬಟ್ಟೆಯ ನಡುವೆ ಅವು ಹೇಗಿದ್ದಿರಬಹುದು ಎಂದು ನನಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ನಮ್ಮ ಮಣ್ಣುಮುಕ್ಕ ಹಾವನ್ನಂತೂ ಮನೆಯಲ್ಲಿ ಇಡುವ ಮಾತೇ ಇಲ್ಲ, ಅಪರಾಧ.

ಅಂಗಡಿಯಲ್ಲಿ ಏನು ಬದಲಾಯಿತು? ಬಿಆರ್‌ಬಿ ಈಗ ಡಿಸ್‌ಪ್ಲೇಗೆ ಹೋಗುವುದಿಲ್ಲ. ಪ್ರತಿ ಟಬ್‌ನಲ್ಲೂ ಡಿಜಿಟಲ್ ಪ್ರೋಬ್ ಇದೆ, ಅದಕ್ಕಾಗಿ ಮ್ಯಾನೇಜರ್ ಜೊತೆ ತಿಂಗಳುಗಟ್ಟಲೆ ಜಗಳ ಆಡಬೇಕಾಯಿತು. ಲ್ಯಾಮಿನೇಟ್ ಹಾಳೆಯ ಮೇಲೆ ಮಾರ್ಕರಿನಲ್ಲಿ, 'ಮೊದಲು ಚರ್ಮ ಎತ್ತಿ ನೋಡಿ' ಎಂದು ಬರೆದಿದ್ದೇನೆ. ಆ್ಯಪ್ ಹಾಗೇ ಇದೆ. ತಾನೇ ಸಂಖ್ಯೆ ತುಂಬುವುದನ್ನು ತೆಗೆಯಿರಿ ಎಂದು ಕೇಳಿದರೆ, ಅದು ಕಂಪನಿಯವರ ಕೈಯಲ್ಲಿದೆ ಅನ್ನುತ್ತಾರೆ. ಹಿಂದಿನ ಕೋಣೆಯವರು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯುತ್ತೇವೆ.

ಕೊಳ್ಳಲು ಬಂದವರಿಗೆ ಖಾಲಿ ಗೂಡನ್ನು ಒಂದು ವಾರ ನಡೆಸಿ, ಬೆಳಿಗ್ಗೆ ಸಂಜೆಯ ಸಂಖ್ಯೆ ಬರೆದು ತನ್ನಿ ಎನ್ನುತ್ತೇನೆ. ಇಪ್ಪತ್ತು ವರ್ಷ ಬದುಕುವ ಪ್ರಾಣಿಗೆ ಒಂದು ವಾರ ಕಾಯುವುದು ಜಾಸ್ತಿ ಅಲ್ಲ, ಅಲ್ವಾ? ಕೆಲವರು ಮುಖ ಸಿಂಡರಿಸಿ ಹೋಗುತ್ತಾರೆ. ಮೊನ್ನೆ ಒಬ್ಬರು ಬರೆದು ತಂದರು. ಹಗಲು 81, ಬೆಳಗಿನ ಜಾವ 58. ರಾತ್ರಿ ಫರ್ನೇಸ್ ಓಡುವಾಗ ಇಳಿಯುತ್ತಿದೆ, ಜಾಲರಿ ಮುಚ್ಚಳದ ಮುಕ್ಕಾಲು ಭಾಗ ಮುಚ್ಚಿ ಇನ್ನೊಂದು ವಾರ ನೋಡಿ ಎಂದೆ. ಅವರ ಹೆಸರಿನ ಟಬ್ ಹಿಂದಿನ ಕೋಣೆಯಲ್ಲೇ ಇದೆ.