ಟೈಮ್‌ಟೇಬಲ್ ಹುಡುಗ ಮತ್ತು ಸ್ಕ್ರಿಪ್ಚರ್ ಸಾರ್

ಹಳೆಯ ವಿದ್ಯಾರ್ಥಿಗಳು ಶಾಲೆಯ ಬಗ್ಗೆ ಬರೆಯಲು ಕೂತರೆ ಮೈದಾನ, ಮರ, ಗಂಟೆ, ಬೆತ್ತ ಇವೇ ಬರುತ್ತವೆ. ನನಗೂ ಅವೆಲ್ಲ ನೆನಪಿವೆ. ಆದರೆ ಸಂಪಾದಕರು ಕೇಳಿದ್ದು, ಶಾಲೆಯಿಂದ ನಿಮಗೆ ಸಿಕ್ಕಿದ್ದೇನು ಅಂತ. ಹಾಗೆ ಕೇಳಿದರೆ ನಾನು ಸ್ಕ್ರಿಪ್ಚರ್ ಪೀರಿಯಡ್, ಅಂದರೆ ಬೈಬಲ್ ಪಾಠದ ಪೀರಿಯಡ್ ಬಗ್ಗೆಯೇ ಬರೆಯಬೇಕು. ಇದು ನನ್ನ ನಂಬಿಕೆಯ ವಿಷಯ. ಬೇರೆ ಧರ್ಮದ ಗೆಳೆಯರು ಇದನ್ನು ನಮ್ಮ ಸಾರ್ ಕಥೆ ಅಂತ ಓದಿಕೊಂಡರೂ ನನಗೆ ಖುಷಿಯೇ.

ನಮ್ಮದು ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್‌ನವರು ಶುರು ಮಾಡಿದ ಶಾಲೆ. ಹಳೇ ಮೈಸೂರು ಸೀಮೆಯಲ್ಲಿ ಅವರು ಶಾಲೆ, ಆಸ್ಪತ್ರೆ, ಅಚ್ಚುಕೂಟ ಎಲ್ಲ ನಡೆಸಿದರು. 1887ರಲ್ಲಿ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಅನ್ನುವ ಕನ್ನಡ ವಾರಪತ್ರಿಕೆಯನ್ನೂ ತಂದರು. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಗಡಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಆದಾಗ ನಮ್ಮ ಮೆಥಡಿಸ್ಟರೂ, ಅಂದರೆ ವೆಸ್ಲಿಯನ್ ಪಂಗಡದವರೂ, ಅದರೊಳಗೆ ಬಂದರು. ನಾವು ಓದುವ ಹೊತ್ತಿಗೆ, ಈ ಪಂಗಡವನ್ನು ಹುಟ್ಟುಹಾಕಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಅಂದರೆ ಗೋಡೆ ಮೇಲಿನ ಒಂದು ಫೋಟೋ, ಅಷ್ಟೇ.

ಆ ಫೋಟೋವನ್ನು ಕೆಳಗಿಳಿಸಿ ಮನುಷ್ಯನನ್ನಾಗಿ ಮಾಡಿದವರು ನಮ್ಮ ಸಾರ್. ವಾರವಿಡೀ ಇತಿಹಾಸ ಪಾಠ ಮಾಡುತ್ತಿದ್ದರು. ಭಾನುವಾರ ಸೈಕಲ್ ಹತ್ತಿ ಹಳ್ಳಿ ಚರ್ಚುಗಳಿಗೆ ಹೋಗಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುತ್ತಿದ್ದರು. ನಾನು ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಹುಡುಗ. ‘ಯಾರ ಹಂಗೂ ಬೇಡ ಮಗಾ, ನಿನ್ನ ಕಾಲ ಮೇಲೆ ನೀನು ನಿಲ್ಲಬೇಕು’ ಅಂತ ಅಮ್ಮ ಹೇಳಿದ್ದನ್ನು ಸತ್ಯವೇದದ ವಚನಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡವನು. ಡೆಸ್ಕಿನ ಮುಚ್ಚಳದ ಒಳಗೆ ಟೈಮ್‌ಟೇಬಲ್ ಅಂಟಿಸಿದ್ದೆ. ಬೆಳಗ್ಗೆ ಐದರಿಂದ ಐದೂಕಾಲು ಪ್ರಾರ್ಥನೆ. ಆಮೇಲೆ ಗಣಿತ. ಸಾರ್ ಒಂದು ದಿನ ಅದನ್ನು ನೋಡಿಬಿಟ್ಟರು. ‘ಏನಯ್ಯಾ, ದೇವರಿಗೆ ಕಾಲು ಗಂಟೆ ಮಂಜೂರು ಮಾಡಿದ್ದೀಯಾ? ದೊಡ್ಡ ಮನಸ್ಸಪ್ಪ ನಿಂದು!’ ಅಂದರು. ಕ್ಲಾಸೆಲ್ಲ ನಕ್ಕಿತು. ನನಗೆ ಉರಿದುಹೋಯಿತು.

ಆ ಪೀರಿಯಡ್‌ನಲ್ಲೇ ವೆಸ್ಲಿ ಕಥೆ ಶುರುವಾಯಿತು, ಕಂತು ಕಂತಾಗಿ. ಆಕ್ಸ್‌ಫರ್ಡ್‌ನಲ್ಲಿ ವೆಸ್ಲಿ ಮತ್ತು ಗೆಳೆಯರು ನಾಲ್ಕು ಗಂಟೆಗೆ ಏಳುತ್ತಿದ್ದರು. ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು. ಎಲ್ಲದಕ್ಕೂ ಲೆಕ್ಕ, ಎಲ್ಲದಕ್ಕೂ ಹೊತ್ತು. ಈ ಶಿಸ್ತು ನೋಡಿ ಬೇರೆ ವಿದ್ಯಾರ್ಥಿಗಳು ಗೇಲಿ ಮಾಡಿ ಇಟ್ಟ ಹೆಸರೇ ಮೆಥಡಿಸ್ಟ್. ‘ನೋಡ್ರಪ್ಪ, ಇವನಿಗಿಂತ ದೊಡ್ಡ ಟೈಮ್‌ಟೇಬಲ್ ಗಿರಾಕಿ’ ಅಂತ ಸಾರ್ ನನ್ನ ಕಡೆ ಕೈ ತೋರಿಸಿದರು.

ಆಮೇಲೆ ಹಡಗು. ವೆಸ್ಲಿ 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟರು. 1736ರ ಜನವರಿ 25ರಂದು ಭಾರಿ ಬಿರುಗಾಳಿ. ದೊಡ್ಡ ಹಾಯಿ ಹರಿದು ಚೂರಾಯಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಕಿರುಚಿಕೊಂಡರು. ಅದೇ ಹಡಗಿನಲ್ಲಿ ಜರ್ಮನಿಯ ಮೊರಾವಿಯನ್ ಸಭೆ ಅನ್ನುವ ಕ್ರೈಸ್ತ ಪಂಗಡದವರಿದ್ದರು. ಅವರು ಕೀರ್ತನೆ ಹಾಡುತ್ತಿದ್ದವರು ನಿಲ್ಲಿಸಲೇ ಇಲ್ಲ. ನಿಮಗೆ ಭಯ ಆಗಲಿಲ್ಲವಾ ಅಂತ ವೆಸ್ಲಿ ಆಮೇಲೆ ಕೇಳಿದರು. ಇಲ್ಲ ಅಂದರು. ಹೆಂಗಸರು ಮಕ್ಕಳಿಗಾದರೂ? ಅವರಿಗೂ ಸಾವೆಂದರೆ ಹೆದರಿಕೆಯಿಲ್ಲ ಅಂದರು. ಇಷ್ಟು ಹೇಳಿ ಸಾರ್ ಸುಮ್ಮನಾದರು. ಪಾದ್ರಿಯಾಗಿದ್ದವನಿಗೇ ಹೆದರಿಕೆ, ಪ್ರಯಾಣಕ್ಕೆ ಬಂದ ಮಕ್ಕಳಿಗೆ ಇಲ್ಲ. ಇದು ನನ್ನ ತಲೆಗೆ ಹತ್ತಲೇ ಇಲ್ಲ.

ಜಾರ್ಜಿಯಾದಲ್ಲಿ ಎಲ್ಲ ಎಡವಟ್ಟಾಯಿತು. ವೆಸ್ಲಿ ಇಷ್ಟಪಟ್ಟ ಹುಡುಗಿ ಬೇರೆಯವನನ್ನು ಮದುವೆಯಾದಳು. ಇವರು ಅವಳಿಗೆ ಕರ್ತನ ಭೋಜನ, ಅಂದರೆ ಚರ್ಚಿನಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಲು ಒಪ್ಪಲಿಲ್ಲ. ಕೇಸು ಬಿತ್ತು, ಊರು ಬಿಟ್ಟು ಬರಬೇಕಾಯಿತು. ಹುಡುಗರಿಗೆ ಈ ಕಂತು ಬಹಳ ಹಿಡಿಸಿತು ಅಂತ ಬೇರೆ ಹೇಳಬೇಕಾಗಿಲ್ಲ. ವಾಪಸ್ ಬರುವಾಗ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು: ಅಲ್ಲಿನವರನ್ನು ಪರಿವರ್ತಿಸಲು ಹೋದೆ, ನನ್ನನ್ನು ಪರಿವರ್ತಿಸುವವರು ಯಾರು? 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ಬೈಬಲ್ಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾಯಿತು. ನನ್ನ ರಕ್ಷಣೆಗೆ ಕ್ರಿಸ್ತ ಒಬ್ಬನೇ ಸಾಕು ಅನ್ನುವ ನಂಬಿಕೆ ಬಂತು.

ಪ್ರಸಂಗಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಸಾರ್ ಮುಗಿಸಲಿಲ್ಲ. ಏಳೆಂಟು ತಿಂಗಳಾದ ಮೇಲೆ, 1739ರ ಜನವರಿಯಲ್ಲಿ, ನಾನಿನ್ನೂ ಕ್ರೈಸ್ತನೇ ಅಲ್ಲ ಅಂತ ಅದೇ ವೆಸ್ಲಿ ಬರೆದುಕೊಂಡಿದ್ದನ್ನೂ ಹೇಳಿದರು. ‘ಒಂದೇ ರಾತ್ರೀಲಿ ಯಾರೂ ಪೂರ್ತಿ ಬದಲಾಗಲ್ಲ ಕಣ್ರೋ’ ಅಂದರು. ಈ ಕೊನೆಯ ಭಾಗಕ್ಕೇ ನಾನು ಸಾರ್‌ಗೆ ಜಾಸ್ತಿ ಋಣಿ.

ಓದು ಮುಗಿದ ಮೇಲೆ ನಾನು ಪ್ರೆಸ್ ಹಾಕಿದೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್. ಪ್ರೂಫ್ ನಾನೇ ನೋಡಬೇಕು, ಪೇಪರ್ ನಾನೇ ತರಬೇಕು, ಗಲ್ಲಾಪೆಟ್ಟಿಗೆ ಬೀಗದ ಕೈ ನನ್ನ ಸೊಂಟದಲ್ಲೇ ಇರಬೇಕು. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೆ. ಆದರೆ ನನ್ನ ಪ್ರಾರ್ಥನೆ ಗಿರಾಕಿ ಬಂದು ಆರ್ಡರ್ ಕೊಟ್ಟ ಹಾಗಿತ್ತು: ಇಷ್ಟು ಕಾಪಿ, ಈ ಸೈಜು, ಸೋಮವಾರ ಡೆಲಿವರಿ. ದೇವರು ಲೇಟ್ ಮಾಡಿದರೆ ನಾನೇ ಮಾಡಿಕೊಳ್ಳುತ್ತಿದ್ದೆ.

ಒಂದು ವರ್ಷ ಕ್ಯಾಲೆಂಡರ್ ಸೀಸನ್ನಿನಲ್ಲೇ ಬೆನ್ನಿನ ಡಿಸ್ಕ್ ಜಾರಿತು. ಪೇಪರ್ ಬಂಡಲ್ ಎತ್ತಲು ಬಗ್ಗಿದವನು ಏಳಲಿಲ್ಲ. ಅಂಗಾತ ಮಲಗಿರಬೇಕು ಅಂದರು ಡಾಕ್ಟರ್. ಪ್ರಿಂಟಿಂಗ್ ಮಾಡಿದವರಿಗೆ ಗೊತ್ತು, ಡಿಸೆಂಬರ್‌ನಲ್ಲಿ ಮಲಗುವುದು ಅಂದರೆ ಏನು ಅಂತ. ಮಷಿನ್‌ಮನ್ ಮತ್ತು ಡಿಟಿಪಿ ಹುಡುಗಿ ಇಬ್ಬರೇ ಎಲ್ಲ ನೋಡಿಕೊಂಡರು. ನಾನು ಹಾಸಿಗೆಯಿಂದಲೇ ಫೋನ್ ಮಾಡಿ ಮಾಡಿ ಅವರ ಪ್ರಾಣ ತಿಂದೆ.

ಹೊಸ ವರ್ಷಕ್ಕೆ ನಮ್ಮಲ್ಲಿ ಒಡಂಬಡಿಕೆಯ ಆರಾಧನೆ ಇರುತ್ತದೆ. ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ನಾನು ಇನ್ನು ನನ್ನ ಸ್ವಂತದವನಲ್ಲ, ಬೇಕಾದರೆ ಕೆಲಸಕ್ಕೆ ಹಚ್ಚು, ಬೇಕಾದರೆ ಪಕ್ಕಕ್ಕಿಡು ಅನ್ನುವ ಅರ್ಥದ ಪ್ರಾರ್ಥನೆಯನ್ನು ಸಭೆಯೆಲ್ಲ ಒಟ್ಟಿಗೆ ಹೇಳುತ್ತದೆ. ಅದರ ಆರಾಧನಾ ಕ್ರಮದ ಹಾಳೆ ಅಚ್ಚಾಗುತ್ತಿದ್ದದ್ದು ನನ್ನ ಪ್ರೆಸ್‌ನಲ್ಲೇ. ಆ ವರ್ಷ ಅದನ್ನು ಹಿಡಿದುಕೊಂಡು ಸಾರ್ ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಹಾಳೆ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಡಂಬಡಿಕೆಯಲ್ಲಿ ‘ಡಂ’ ಬಿಟ್ಟುಹೋಗಿತ್ತು.

‘ನಾನಿದ್ದಿದ್ದರೆ ಹೀಗಾಗ್ತಿರಲಿಲ್ಲ ಸಾರ್’ ಅಂದೆ.

‘ನೀನಿದ್ದಾಗಲೂ ತಪ್ಪು ಬರ್ತಿತ್ತು ಕಣಯ್ಯಾ. ಬೇಜಾರು ಮಾಡ್ಕೋತೀಯ ಅಂತ ನಾನು ಹೇಳ್ತಿರಲಿಲ್ಲ, ಅಷ್ಟೇ.’

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬೆನ್ನು ನೋವು. ಅವರು ಹೋದ ಮೇಲೆ ಆ ಹಾಳೆ ತೆಗೆದುಕೊಂಡು ಪ್ರಾರ್ಥನೆಯನ್ನು ಒಬ್ಬನೇ ಗಟ್ಟಿಯಾಗಿ ಓದಿದೆ. ಪಕ್ಕಕ್ಕಿಡುವ ಸಾಲನ್ನೂ ಓದಿದೆ. ಆಗಲೇ ಪಕ್ಕಕ್ಕಿಟ್ಟಾಗಿತ್ತು, ಇನ್ನು ಒಪ್ಪಿಕೊಳ್ಳುವುದಷ್ಟೇ ಬಾಕಿ. ಎದೆ ಬೆಚ್ಚಗಾಗಲಿಲ್ಲ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ದೇವರನ್ನು ನಂಬಿದ ಮೇಲೆ ವ್ಯಾಪಾರ ಕುದುರಿತು ಅಂತ ಸಾಕ್ಷಿ ಹೇಳುವವರಿದ್ದಾರೆ. ನನಗೆ ಹಾಗೇನೂ ಆಗಲಿಲ್ಲ. ಲಗ್ನಪತ್ರಿಕೆಗಳು ವಾಟ್ಸಾಪ್‌ಗೆ ಹೋದವು, ಆರ್ಡರ್ ಕಡಿಮೆಯಾಯಿತು. ‘ದೇವರು ನೋಡ್ಕೋತಾನೆ ಬಿಡು’ ಅಂತ ಕಾಲು ಚಾಚಿ ಕೂರುವುದೂ ನನಗೆ ಒಗ್ಗುವುದಿಲ್ಲ. ವೆಸ್ಲಿಯೇ ಆ ಸಂಜೆಯ ನಂತರ ಕೂರಲಿಲ್ಲ. ಬದುಕಿನಲ್ಲಿ ಸುಮಾರು 2,50,000 ಮೈಲಿ ಓಡಾಡಿದರು ಅನ್ನುತ್ತಾರೆ, ಬಹುಪಾಲು ಕುದುರೆ ಮೇಲೆ. ಬದಲಾದದ್ದು ಬೇರೆ. ಕೆಲಸ ನನ್ನದು, ಆದರೆ ಫಲ ನನ್ನ ಕೈಯಲ್ಲಿಲ್ಲ ಅನ್ನುವುದಕ್ಕೆ ಈಗ ಮೊದಲಿನಷ್ಟು ಕಸಿವಿಸಿ ಆಗುವುದಿಲ್ಲ. ಪ್ರೂಫ್‌ಗೆ ಪ್ರಿಂಟ್ ಆರ್ಡರ್ ಸಹಿ ಹಾಕುವವಳು ಈಗ ಡಿಟಿಪಿ ಹುಡುಗಿ. ಬೀಗದ ಕೈಯೂ ಅವಳ ಹತ್ತಿರವೇ. ವರ್ಷದ ಕೊನೆಯ ಲೆಕ್ಕ ನೋಡುವಾಗ ಹಳೇ ಮನುಷ್ಯ ಒಮ್ಮೊಮ್ಮೆ ಎದ್ದು ಬರುತ್ತಾನೆ. ಆಗ ಮತ್ತೆ ಆ ಪ್ರಾರ್ಥನೆ.

ಈ ಬರಹವನ್ನು ಕಳಿಸುವ ಮೊದಲು ಸಾರ್‌ಗೆ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ‘ನನ್ನ ವಿಷಯ ಜಾಸ್ತಿಯಾಯ್ತು, ಬೋಲರ್‌ನ ಬಿಟ್ಟಿದ್ದೀಯ’ ಅಂದರು. ಅದಕ್ಕೆ ಇಲ್ಲಿ ಸೇರಿಸುತ್ತಿದ್ದೇನೆ. ಪೀಟರ್ ಬೋಲರ್ ಮೊರಾವಿಯನ್ ಸಭೆಯ ಪಾದ್ರಿ. 1738ರ ಮಾರ್ಚ್‌ನಲ್ಲಿ ಅವನಿಗೆ 25 ವರ್ಷ, ವೆಸ್ಲಿಗೆ 34. ನನಗೇ ನಂಬಿಕೆಯಿಲ್ಲ, ಪ್ರಸಂಗ ಮಾಡುವುದನ್ನು ಬಿಟ್ಟುಬಿಡಲೇ ಅಂತ ವೆಸ್ಲಿ ಕೇಳಿದ್ದು ಅವನನ್ನೇ. ಬಿಡಬೇಡ, ನಂಬಿಕೆ ಬರುವವರೆಗೂ ನಂಬಿಕೆಯ ಬಗ್ಗೆಯೇ ಪ್ರಸಂಗ ಮಾಡು ಅಂತ ಆ ಹುಡುಗ ಹೇಳಿದ.