ಇಡದೆ ಬಿಟ್ಟ ಚುಕ್ಕೆ

ಶಾರ್ಟ್‌ಹ್ಯಾಂಡಿನಲ್ಲಿ (ಹೇಳಿದ್ದನ್ನು ಗೀಟು-ಚುಕ್ಕೆಗಳಲ್ಲಿ ಸರಸರ ಬರೆದುಕೊಳ್ಳುವ ಶೀಘ್ರಲಿಪಿ) ನಿಮಿಷಕ್ಕೆ 120 ಪದದ ಪರೀಕ್ಷೆ ಪಾಸಾದ ಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು. ಅದನ್ನು ಇಳಿಸಿದ್ದು ಒಂದು ಚುಕ್ಕೆ.

ಅವತ್ತು ಸಂಜೆ ಸಾಹೇಬರಿಗೆ ಪ್ರಯಾಣದ ಅವಸರ. ಬ್ಯಾಗಿಗೆ ಫೈಲ್ ತುರುಕುತ್ತಾ, ನಡುನಡುವೆ ಫೋನಿಗೂ ಉತ್ತರ ಕೊಡುತ್ತಾ ಉದ್ದನೆಯ ಪತ್ರವೊಂದನ್ನು ಹೇಳಿ ಮುಗಿಸಿದರು. ನಾನೂ ಬಿಡದೆ ಬರೆದುಕೊಂಡೆ. ನೋಟ್ಸ್ ಬಿಸಿ ಇರುವಾಗಲೇ ಟೈಪ್ ಮಾಡಬೇಕು ಅಂತ ಕಲಿಸಿದವರು ಎಷ್ಟು ಸಲ ಹೇಳಿದ್ದರೋ. ಬೆಳಿಗ್ಗೆ ನೋಡಿದರಾಯ್ತು ಅಂತ ಎದ್ದುಬಿಟ್ಟೆ.

ಬೆಳಿಗ್ಗೆ ಮೂರನೇ ಪುಟದಲ್ಲಿ ಬೆರಳು ನಿಂತಿತು. ಪತ್ರದಲ್ಲಿ ಹೇಳಿದ ನಿಯಮಗಳನ್ನು 'ಅಡಾಪ್ಟ್' (adopt) ಮಾಡಬೇಕಾ, 'ಅಡ್ಯಾಪ್ಟ್' (adapt) ಮಾಡಬೇಕಾ? ಮೊದಲನೆಯದಾದರೆ ಇದ್ದ ಹಾಗೇ ಒಪ್ಪಿಕೊಳ್ಳುವುದು, ಎರಡನೆಯದಾದರೆ ನಮಗೆ ಬೇಕಾದಂತೆ ಬದಲಿಸಿಕೊಳ್ಳುವುದು. ಉತ್ತರ-ದಕ್ಷಿಣ!

ಐಸಾಕ್ ಪಿಟ್ಮನ್ 1837ರಲ್ಲಿ ಹೊರತಂದ ಈ ಪದ್ಧತಿಯಲ್ಲಿ ಸ್ಪೆಲಿಂಗ್ ಲೆಕ್ಕಕ್ಕಿಲ್ಲ, ಕಿವಿಗೆ ಬಿದ್ದದ್ದಷ್ಟೇ. ತೆಳುವಾಗಿ ಎಳೆದರೆ 'ಪ', ಅದೇ ಗೀಟನ್ನು ಒತ್ತಿ ಎಳೆದರೆ 'ಬ'. ಸ್ವರಗಳಿಗೆ ಪಕ್ಕದಲ್ಲಿ ಚುಕ್ಕೆ ಅಥವಾ ಪುಟ್ಟ ಗೀಟು. ವೇಗ ಹೆಚ್ಚಿದಂತೆ ಅವನ್ನು ಬಿಟ್ಟುಬಿಡುತ್ತೇವೆ, ಪದ ಸಾಲಿನ ಮೇಲಿದೆಯೋ, ಸಾಲಿಗೆ ತಾಗಿದೆಯೋ, ಸಾಲನ್ನು ಸೀಳಿದೆಯೋ ನೋಡಿ ಸ್ವರ ಯಾವುದು ಅಂತ ಊಹಿಸುತ್ತೇವೆ. ಈ ಜೋಡಿಗೆ ಆ ಉಪಾಯವೂ ನಡೆಯಲ್ಲ. ಎರಡೂ ಸಾಲಿನ ಮೇಲೆಯೇ ಕೂರುತ್ತವೆ. ಎರಡಕ್ಕೂ ಒಂದು 'ಡ', ಅದಕ್ಕಂಟಿದ ಅರ್ಧ ಅಳತೆಯ 'ಪ' (ಅರ್ಧ ಮಾಡಿದರೆ 'ಟ' ತಾನಾಗಿ ಸೇರಿತು ಅಂತ). ಚುಕ್ಕೆ ಇಟ್ಟಿದ್ದರೆ ಒಂದು, ಪುಟ್ಟ ಗೀಟು ಇಟ್ಟಿದ್ದರೆ ಇನ್ನೊಂದು. ನಾನು ಎರಡನ್ನೂ ಇಟ್ಟಿರಲಿಲ್ಲ.

ಧೈರ್ಯ ಮಾಡಿ ಸಾಹೇಬರಿಗೆ ಫೋನ್ ಮಾಡಿದೆ. "ನಾನೇನು ಹೇಳಿದೆ ಅಂತ ನಿಮ್ಮ ಪುಸ್ತಕದಲ್ಲಿ ಇರುತ್ತಲ್ಲಮ್ಮಾ?" ಅಂದರು. ಅವರಿಗೂ ನೆನಪಿಲ್ಲ!

ಪಕ್ಕದ ಟೇಬಲ್ಲಿನ ಹಿರಿಯ ಸ್ಟೆನೋ ಅಕ್ಕ ಬಂದು, "ಆ ಒಂದನ್ನೇ ಯಾಕೆ ಗುರಾಯಿಸ್ತಾ ಕೂತಿದ್ದೀಯಾ, ಮುಂದಿನದನ್ನ ಜೋರಾಗಿ ಓದು" ಅಂದರು. ಓದಿದೆ. ಇನ್ನೂ ಒಂದು ಪ್ಯಾರಾ ದಾಟಿದರೆ, ತಿದ್ದಿದ ಪ್ರತಿಯನ್ನು ಹದಿನೈದು ದಿನದಲ್ಲಿ ಕಳಿಸಿ ಅಂತ ಸ್ಪಷ್ಟವಾಗಿ ಇತ್ತು. ಅಂದರೆ ಬದಲಿಸಿಕೊಳ್ಳುವುದೇ.

ಪೆನ್ಸಿಲ್ ತೆಗೆದು ಚುಕ್ಕೆ ಇಟ್ಟೆ. ಸಿಟ್ಟಿಗೋ ಏನೋ, ಕಾಗದ ತೂತಾಯ್ತು.